ಒಂದೇ ನೊಗಕ್ಕೆ ಹೆಗಲು ಕೊಟ್ಟವರು: ಡಾ. ಗೆರ್ಟಿ ಕೋರಿಯವರ ಜೀವನ

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳೆಲ್ಲವೂ ಜೀರ್ಣಗೊಂಡು ಬಹುಪಾಲು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ರಕ್ತವನ್ನು ಸೇರಿದ ಆ ಸಕ್ಕರೆ ಮುಂದೆ ಎಲ್ಲಿಗೆ ಹೋಗುತ್ತದೆ, ಯಾವ ರೂಪವನ್ನು ತಾಳುತ್ತದೆ, ನಾವು ಉಪವಾಸವಿರುವಾಗ ಎಲ್ಲಿಂದ ಮರಳಿ ಬರುತ್ತದೆ ಎಂಬ ಪ್ರಶ್ನೆಗಳಿಗೆ ಮಾತ್ರ ನೂರು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ದೊಡ್ಡ ವೈದ್ಯ ಪಂಡಿತರಲ್ಲಿಯೂ ತೃಪ್ತಿಕರವಾದ ಉತ್ತರವಿರಲಿಲ್ಲ. ಆ ಪ್ರಶ್ನೆಗಳ ಬೆನ್ನು ಹತ್ತಿ, ಸುಮಾರು ಮೂವತ್ತೈದು ವರ್ಷಗಳ ಕಾಲ ದುಡಿದು, ಉತ್ತರದ ಬಹುಭಾಗವನ್ನು ಕಂಡುಕೊಂಡವರು ಕೋರಿ ದಂಪತಿಗಳು. ಅವರಲ್ಲಿ ಪತ್ನಿಯಾದ ಡಾ. ಗೆರ್ಟಿ ಕೋರಿಯವರು ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಪ್ರಪಂಚದ ಮೊದಲ ಮಹಿಳೆ.

ಅವರ ಜೀವನವೃತ್ತಾಂತಕ್ಕೆ ಈ ಸ್ಮರಣ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ಮೀಸಲಿಡಲು ನಮಗೆ ಪಾರಿತೋಷಕವೊಂದೇ ಕಾರಣವಲ್ಲ. ಮದುವೆಯಾದ ಈ ಇಬ್ಬರು ಒಂದೇ ಮೇಜಿನ ಮುಂದೆ ಕುಳಿತು ಕೆಲಸ ಮಾಡಬಾರದೆಂದು ಬಲ್ಲವರು, ದೊಡ್ಡವರು, ಸಂಸ್ಥೆಗಳವರು ಮತ್ತೆ ಮತ್ತೆ ಹೇಳಿದರು. ಹಾಗೆ ಹೇಳಿದಾಗಲೆಲ್ಲ ದಂಪತಿಗಳು ನಷ್ಟವನ್ನು ಒಪ್ಪಿಕೊಂಡರೇ ಹೊರತು ಬೇರ್ಪಡಲಿಲ್ಲ. ಅವರು ಬೇರ್ಪಟ್ಟಿದ್ದರೆ ನಮ್ಮ ದೇಹದ ಬಗ್ಗೆ ನಾವು ಇಂದು ತಿಳಿದಿರುವ ಹಲವು ಸಂಗತಿಗಳು ಇನ್ನೂ ಎಷ್ಟು ಕಾಲ ಕತ್ತಲಲ್ಲಿ ಉಳಿಯುತ್ತಿದ್ದವೋ!

ಗೆರ್ಟಿ ಥೆರೆಸಾ ರಾಡ್ನಿಟ್ಸ್ ಅವರು ಜನಿಸಿದ್ದು 1896ನೆಯ ಇಸವಿ ಆಗಸ್ಟ್ 15ರಂದು, ಪ್ರಾಗ್ ನಗರದಲ್ಲಿ. ನಮ್ಮ ಓದುಗರಿಗೆ ಆ ತಾರೀಖು ನಾಡಿನ ಸ್ವಾತಂತ್ರ್ಯದ ದಿನವಾಗಿಯೂ ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬವಾಗಿಯೂ ಪರಿಚಿತ. ಆದರೆ ಗೆರ್ಟಿಯವರ ಮನೆತನ ಯೆಹೂದ್ಯರದು. ಮನೆಯ ಮಾತು ಜರ್ಮನ್. ಪ್ರಾಗ್ ನಗರ ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಓಟ್ಟೋ ರಾಡ್ನಿಟ್ಸ್ ರಸಾಯನಶಾಸ್ತ್ರಜ್ಞರು, ಸಕ್ಕರೆ ಕಾರ್ಖಾನೆಗಳ ವ್ಯವಸ್ಥಾಪಕರು. ಸಕ್ಕರೆಯನ್ನು ಶುದ್ಧಿ ಮಾಡುವ ತಂದೆಯ ಮಗಳು ತನ್ನ ಆಯುಷ್ಯವನ್ನೆಲ್ಲ ಸಕ್ಕರೆಯ ರಹಸ್ಯವನ್ನು ಬಿಡಿಸುವುದರಲ್ಲಿಯೇ ಕಳೆದರೆಂಬುದು ಒಂದು ಸೋಜಿಗ. ಮೂವರು ಹೆಣ್ಣುಮಕ್ಕಳಲ್ಲಿ ಗೆರ್ಟಿಯವರೇ ಹಿರಿಯರು.

ಹತ್ತು ವರ್ಷದವರೆಗೆ ಮನೆಯಲ್ಲಿಯೇ ಪಾಠ ನಡೆಯಿತು. ಅನಂತರ ಹುಡುಗಿಯರ ಶಾಲೆಗೆ ಸೇರಿಸಿದರು. ಅಂದಿನ ಆ ಶಾಲೆಗಳ ಗುರಿ ಹೆಣ್ಣುಮಕ್ಕಳನ್ನು ಸಭ್ಯ ಗೃಹಿಣಿಯರನ್ನಾಗಿ ಮಾಡುವುದಾಗಿತ್ತೇ ಹೊರತು ವಿಶ್ವವಿದ್ಯಾಲಯಕ್ಕೆ ಕಳುಹಿಸುವುದಾಗಿರಲಿಲ್ಲ. ಮಕ್ಕಳ ವೈದ್ಯಶಾಸ್ತ್ರದಲ್ಲಿ ಪ್ರಾಧ್ಯಾಪಕರಾಗಿದ್ದ ಸೋದರಮಾವ ಹುಡುಗಿಯ ಬುದ್ಧಿಯನ್ನು ಗಮನಿಸಿ ವೈದ್ಯಕೀಯವನ್ನು ಓದುವಂತೆ ಹುರಿದುಂಬಿಸಿದರು. ಹದಿನಾರರ ಹರೆಯದಲ್ಲಿ ಗೆರ್ಟಿಯವರು ಅದಕ್ಕೆ ಮನಸ್ಸು ಮಾಡಿದಾಗ ತಿಳಿದುಬಂದದ್ದೇನೆಂದರೆ, ಪ್ರವೇಶ ಪರೀಕ್ಷೆಗೆ ಬೇಕಾದ ವಿಷಯಗಳಲ್ಲಿ ಅವರ ಶಾಲೆ ಅವರಿಗೆ ಏನನ್ನೂ ಕಲಿಸಿರಲಿಲ್ಲ. ಎಂಟು ವರ್ಷಗಳ ಲ್ಯಾಟಿನ್ ಭಾಷೆ, ಐದು ವರ್ಷಗಳ ಗಣಿತ, ಅದರ ಮೇಲೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎಲ್ಲವೂ ಬಾಕಿ. ಈ ರಾಶಿಯನ್ನೆಲ್ಲ ಅವರು ಸುಮಾರು ಒಂದು ವರ್ಷದೊಳಗೆ ಓದಿ ಮುಗಿಸಿ, 1914ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ತಾವು ಬಾಳಿನಲ್ಲಿ ಎದುರಿಸಿದ ಪರೀಕ್ಷೆಗಳಲ್ಲೆಲ್ಲ ಅದೇ ಅತ್ಯಂತ ಕಠಿಣವಾದುದೆಂದು ಮುಂದೆ ಅವರು ನೆನೆಯುತ್ತಿದ್ದರು.

ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗೆ ಸೇರಿದ ಮೊದಲ ವರ್ಷದಲ್ಲಿಯೇ ಕಾರ್ಲ್ ಕೋರಿ ಎಂಬ ಸಹಪಾಠಿಯ ಪರಿಚಯವಾಯಿತು. ಇಬ್ಬರೂ ಒಂದೇ ವರ್ಷದಲ್ಲಿ ಜನಿಸಿದವರು. ಕಾರ್ಲರ ಮನೆತನ ಕಥೋಲಿಕರದು. ತಂದೆ ಟ್ರಿಯೆಸ್ಟ್ ಬಂದರಿನಲ್ಲಿ ಕಡಲ ಜೀವಿಗಳ ಅಧ್ಯಯನ ಕೇಂದ್ರವೊಂದರ ನಿರ್ದೇಶಕರಾಗಿದ್ದುದರಿಂದ ಹುಡುಗ ಬೆಳೆದದ್ದು ಕಡಲತೀರದಲ್ಲಿ. ಗೆರ್ಟಿಯವರದು ಚುರುಕು ಮಾತು, ತಟ್ಟನೆ ಹೊಳೆಯುವ ಬುದ್ಧಿ. ಕಾರ್ಲರದು ಸಂಕೋಚದ, ನಿಧಾನದ ಸ್ವಭಾವ. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು, ಪ್ರಯೋಗಶಾಲೆಯಲ್ಲಿ ಹೊತ್ತು ಮರೆಯುವುದು ಇಬ್ಬರಿಗೂ ಸಮಾನವಾಗಿ ಪ್ರಿಯವಾಗಿತ್ತು. ನಡುವೆ ಮೊದಲ ಮಹಾಯುದ್ಧ ಬಂದು ಕಾರ್ಲರು ಆಸ್ಟ್ರಿಯಾದ ಸೈನ್ಯಕ್ಕೆ ಹೋಗಬೇಕಾಯಿತು. ಯುದ್ಧ ಮುಗಿದು ಸಾಮ್ರಾಜ್ಯವೇ ಚೂರುಚೂರಾದ ಮೇಲೆ ಇಬ್ಬರೂ ಮತ್ತೆ ಒಟ್ಟುಗೂಡಿ 1920ರಲ್ಲಿ ವೈದ್ಯ ಪದವಿಯನ್ನು ಪಡೆದರು. ರಕ್ತದ ರೋಗನಿರೋಧಕ ಗುಣವನ್ನು ಕುರಿತು ಅವರು ಕೂಡಿ ಬರೆದ ಮೊದಲ ಸಂಶೋಧನ ಲೇಖನವೂ ಅದೇ ವರ್ಷ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್ 5ರಂದು ವಿಯೆನ್ನಾ ನಗರದಲ್ಲಿ ಅವರ ವಿವಾಹ ನೆರವೇರಿತು.

ಈ ವಿವಾಹದ ಸಂದರ್ಭದಲ್ಲಿ ಗೆರ್ಟಿಯವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಇದನ್ನೇ ಹಿಡಿದು ಅವರನ್ನು ಸಂತರ ಸಾಲಿನಲ್ಲಿ ಕೂರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು. ಯೆಹೂದ್ಯರ ಮೇಲಿನ ದ್ವೇಷ ದಿನದಿನಕ್ಕೆ ಏರುತ್ತಿದ್ದ ಆ ದೇಶದಲ್ಲಿ ಈ ಸಂಬಂಧದಿಂದ ಮಗನ ಭವಿಷ್ಯಕ್ಕೆ ಧಕ್ಕೆಯಾದೀತೆಂದು ಕಾರ್ಲರ ಮನೆಯವರು ಹೆದರಿದ್ದರು. ಆ ಹೆದರಿಕೆ ಸುಳ್ಳಾಗಿರಲಿಲ್ಲ. ಗ್ರಾಜ್ ನಗರದ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಹೋದಾಗ ಕಾರ್ಲರು ತಾವು ಆರ್ಯ ಕುಲದವರೆಂದು ಸಾಬೀತು ಮಾಡಿ ತೋರಿಸಬೇಕಾಯಿತು! ಕ್ರಿಸ್ತನ ಹೆಸರನ್ನು ಹೇಳುತ್ತಿದ್ದ ನಾಡಿನಲ್ಲಿಯೇ ಮನುಷ್ಯನ ಯೋಗ್ಯತೆಯನ್ನು ಅವನ ಕುಲದಿಂದ ಅಳೆಯುತ್ತಿದ್ದರೆಂಬುದು ನಾವೂ ಒಂದು ಕ್ಷಣ ನಿಂತು ಯೋಚಿಸಬೇಕಾದ ಸಂಗತಿ.

ಗೆರ್ಟಿಯವರು ವಿಯೆನ್ನಾದ ಕರೋಲಿನೆನ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಗಂಟಲಿನ ಥೈರಾಯ್ಡ್ ಗ್ರಂಥಿಗೂ ದೇಹದ ಶಾಖಕ್ಕೂ ಇರುವ ಸಂಬಂಧವನ್ನು ಅಲ್ಲಿ ಅಭ್ಯಾಸ ಮಾಡಿದರು. ಯುದ್ಧಾನಂತರದ ವಿಯೆನ್ನಾದಲ್ಲಿ ಆಹಾರಕ್ಕೆ ಅಭಾವ. ಸರಿಯಾದ ಊಟವಿಲ್ಲದೆ 'ಎ' ಜೀವಸತ್ವದ ಕೊರತೆಯಾಗಿ ಈ ಯುವ ವೈದ್ಯೆಯ ಕಣ್ಣುಗಳೇ ಒಣಗಿ ರೋಗಕ್ಕೆ ತುತ್ತಾದವು. ತವರಿಗೆ ಹೋಗಿ ಒಳ್ಳೆಯ ಆಹಾರ ತೆಗೆದುಕೊಂಡ ಮೇಲೆ ಗುಣವಾಯಿತು. ಇನ್ನು ಯೂರೋಪಿನಲ್ಲಿ ತಮಗೆ ಬಾಳ್ವೆಯಿಲ್ಲವೆಂದು ದಂಪತಿಗಳು ನಿಶ್ಚಯಿಸಿದರು. ಜಾವಾ ದ್ವೀಪದ ಜನರಿಗೆ ವೈದ್ಯರಾಗಿ ಸೇವೆ ಸಲ್ಲಿಸಲು ಡಚ್ ಸರ್ಕಾರಕ್ಕೆ ಅರ್ಜಿಯನ್ನೂ ಹಾಕಿದ್ದರು. ಅಷ್ಟರಲ್ಲಿ ಅಮೆರಿಕದ ಬಫಲೋ ನಗರದ ಅರ್ಬುದ ರೋಗ ಸಂಶೋಧನ ಸಂಸ್ಥೆಯಿಂದ ಕಾರ್ಲರಿಗೆ ಕರೆ ಬಂದಿತು. 1922ರಲ್ಲಿ ಕಾರ್ಲರು ಮುಂದಾಗಿ ಹಡಗು ಹತ್ತಿದರು. ಗೆರ್ಟಿಯವರಿಗೂ ಅಲ್ಲಿ ಒಂದು ಸ್ಥಾನ ದೊರೆತ ಮೇಲೆ, ಆರು ತಿಂಗಳ ಅನಂತರ, ಅವರೂ ಹೋಗಿ ಸೇರಿದರು.

ಬಫಲೋದಲ್ಲಿ ಗೆರ್ಟಿಯವರದು ಸಹಾಯಕಿಯ ಹುದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತನ್ನ ಕೋಣೆಯಲ್ಲಿ ಕುಳಿತಿರಬೇಕು, ಗಂಡನ ಕೆಲಸದಲ್ಲಿ ಕೈಹಾಕಕೂಡದು, ಹಾಕಿದರೆ ಕೆಲಸದಿಂದ ತೆಗೆಯಲಾಗುವುದು ಎಂದು ಸಂಸ್ಥೆಯ ನಿರ್ದೇಶಕರ ಕಟ್ಟಪ್ಪಣೆಯಾಯಿತು. ಅರ್ಬುದ ರೋಗ ಒಂದು ಬಗೆಯ ಪರೋಪಜೀವಿಯಿಂದ ಬರುತ್ತದೆಂಬ ಆ ನಿರ್ದೇಶಕರ ಸಿದ್ಧಾಂತಕ್ಕೆ ಗೆರ್ಟಿಯವರು ಒತ್ತಾಸೆ ಕೊಡದಿದ್ದುದೂ ಅಸಮಾಧಾನಕ್ಕೆ ಒಂದು ಕಾರಣ. ಗೆರ್ಟಿಯವರು ಎದುರು ಮಾತಾಡಲಿಲ್ಲ. ಕೆಲಕಾಲ ತಲೆತಗ್ಗಿಸಿ ತಮ್ಮ ಕೋಣೆಯಲ್ಲಿಯೇ ಕುಳಿತರು. ಬಿರುಗಾಳಿ ಅಡಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಗಂಡನ ಪ್ರಯೋಗಶಾಲೆಗೆ ಹೋಗಿ ಬರತೊಡಗಿದರು. ಅಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಇಬ್ಬರೂ ಕೂಡಿ ಬರೆದ ಲೇಖನಗಳು ಸುಮಾರು 50. 1928ರಲ್ಲಿ ಇಬ್ಬರೂ ಅಮೆರಿಕದ ಪೌರತ್ವವನ್ನು ಪಡೆದರು.

ಅವರ ಮೊದಲ ದೊಡ್ಡ ಶೋಧನೆ ಬಫಲೋದಲ್ಲಿಯೇ ಆದದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳಿದರೆ ಓದುಗರು ಬೇಸರಿಸಲಾರರೆಂದು ನಂಬಿದ್ದೇವೆ. ಇನ್ಸುಲಿನ್ ಆಗ ತಾನೇ ಬಳಕೆಗೆ ಬಂದಿತ್ತು. ಅದನ್ನು ಚುಚ್ಚಿದರೆ ರಕ್ತದಲ್ಲಿನ ಸಕ್ಕರೆ ಇಳಿಯುತ್ತದೆಂದು ಎಲ್ಲರಿಗೂ ಗೊತ್ತು. ಇಳಿದ ಸಕ್ಕರೆ ಹೋದದ್ದೆಲ್ಲಿಗೆ? ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ 1857ರಷ್ಟು ಹಿಂದೆಯೇ ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತುವನ್ನು ಕಂಡುಹಿಡಿದಿದ್ದರು. ರೈತನು ಸುಗ್ಗಿಯ ಕಾಳನ್ನು ಕಣಜದಲ್ಲಿ ತುಂಬಿಡುವಂತೆ ದೇಹವು ಊಟದ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ತುಂಬಿಡುತ್ತದೆ. ಕೋರಿ ದಂಪತಿಗಳು ಇಲಿಗಳಿಗೆ ತೂಕ ಮಾಡಿದ ಸಕ್ಕರೆಯನ್ನು ಉಣಿಸಿ, ಕರುಳಿನಿಂದ ಎಷ್ಟು ಹೀರಲ್ಪಟ್ಟಿತು, ಎಷ್ಟು ಉರಿದುಹೋಯಿತು, ಯಕೃತ್ತಿನ ಪಾಲೆಷ್ಟು, ಸ್ನಾಯುಗಳ ಪಾಲೆಷ್ಟು ಎಂದು ಜಮಾ-ಖರ್ಚಿನ ಲೆಕ್ಕ ಬರೆಯುವ ಶಾನುಭೋಗರಂತೆ ಲೆಕ್ಕವಿಟ್ಟರು. ಅಲ್ಲಿಯವರೆಗೆ ಯಾರೂ ಈ ಲೆಕ್ಕವನ್ನು ಇಷ್ಟು ಬಿಗಿಯಾಗಿ ಇಟ್ಟಿರಲಿಲ್ಲ.

ಲೆಕ್ಕದಲ್ಲಿ ಒಂದು ವಿಚಿತ್ರ ಕಾಣಿಸಿತು. ಎಪಿನೆಫ್ರಿನ್ ಎಂಬ ಹಾರ್ಮೋನನ್ನು ಕೊಟ್ಟಾಗ ಸ್ನಾಯುಗಳ ಕಣಜ ಬರಿದಾಗುತ್ತಿತ್ತು. ಆದರೆ ಕ್ರಮೇಣ ಯಕೃತ್ತಿನ ಕಣಜ ತುಂಬುತ್ತಿತ್ತು. ಸ್ನಾಯುವಿನ ಗ್ಲೈಕೋಜನ್ ನೇರವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯಲಾರದು. ಹಾಗಾದರೆ ಈ ವರ್ಗಾವಣೆ ಹೇಗೆ? ದಂಪತಿಗಳು 1929ರಲ್ಲಿ ಕೊಟ್ಟ ಉತ್ತರ ಹೀಗಿದೆ. ದುಡಿಯುವ ಸ್ನಾಯು, ಸಾಕಷ್ಟು ಆಮ್ಲಜನಕ ದೊರೆಯದಾಗ, ಸಕ್ಕರೆಯನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಚೆಲ್ಲುತ್ತದೆ. ರಕ್ತ ಅದನ್ನು ಯಕೃತ್ತಿಗೆ ಒಯ್ಯುತ್ತದೆ. ಯಕೃತ್ತು ತನ್ನ ಶಕ್ತಿಯನ್ನು ವೆಚ್ಚ ಮಾಡಿ ಅದನ್ನು ಮತ್ತೆ ಗ್ಲೂಕೋಸ್ ಆಗಿ ಕಟ್ಟುತ್ತದೆ. ಆ ಗ್ಲೂಕೋಸ್ ಪುನಃ ರಕ್ತದ ಮೂಲಕ ಸ್ನಾಯುವಿಗೆ ಹಿಂದಿರುಗುತ್ತದೆ. ಬೆಟ್ಟ ಹತ್ತುವವನ ಕಾಲುಗಳಲ್ಲಿ, ಗದ್ದೆ ಅಗೆಯುವವನ ತೋಳುಗಳಲ್ಲಿ ಈ ಚಕ್ರ ತಿರುಗುತ್ತಲೇ ಇರುತ್ತದೆ. ಇಂದು ಎಲ್ಲ ವೈದ್ಯಕೀಯ ಪಠ್ಯಗಳಲ್ಲಿಯೂ ಇದಕ್ಕೆ ಕೋರಿ ಚಕ್ರವೆಂದೇ ಹೆಸರು. ಸ್ನಾಯು ಬಿಸಾಡಿದ್ದನ್ನು ಯಕೃತ್ತು ಆಯ್ದು ಮತ್ತೆ ಕೆಲಸಕ್ಕೆ ತರುವ ಈ ಮಿತವ್ಯಯವನ್ನು ಓದುವಾಗ ಸೃಷ್ಟಿಕರ್ತನ ಕೈವಾಡಕ್ಕೆ ಬೆರಗಾಗದವರಾರು?

ಹೆಸರು ಬಂದ ಮೇಲೆ ಬೇರೆ ವಿಶ್ವವಿದ್ಯಾಲಯಗಳು ಕಾರ್ಲರನ್ನು ಕರೆಯತೊಡಗಿದವು. ಆದರೆ ಕಾರ್ಲರನ್ನು ಮಾತ್ರ. ಒಂದು ವಿಶ್ವವಿದ್ಯಾಲಯ ಒಳ್ಳೆಯ ಹುದ್ದೆಯನ್ನು ಕೊಡಲು ಮುಂದೆ ಬಂದು, ಹೆಂಡತಿಯೊಡನೆ ಕೂಡಿ ಕೆಲಸ ಮಾಡುವುದನ್ನು ನಿಲ್ಲಿಸಬೇಕೆಂಬ ಕರಾರು ಹಾಕಿತು. ಅಲ್ಲಿಗೆ ಹೋಗಿದ್ದಾಗ ಗೆರ್ಟಿಯವರನ್ನು ಪಕ್ಕಕ್ಕೆ ಕರೆದು, ಗಂಡನ ಏಳಿಗೆಗೆ ಆಕೆಯೇ ಅಡ್ಡಿಯಾಗಿದ್ದಾಳೆಂದೂ, ಗಂಡಸು ಹೆಂಡತಿಯೊಡನೆ ಕೆಲಸ ಮಾಡುವುದು ಅಮೆರಿಕದ ರೀತಿಯಲ್ಲವೆಂದೂ ಉಪದೇಶ ಮಾಡಿದರು. ಯಾರ ಮುಂದೆಯೂ ಬಗ್ಗದ ಆ ಹೆಣ್ಣುಮಗಳು ಅಂದು ಅತ್ತುಬಿಟ್ಟರಂತೆ. ಕಾರ್ಲರು ಆ ಹುದ್ದೆಯನ್ನು ನಿರಾಕರಿಸಿದರು. ಈ ನಿರಾಕರಣೆಯನ್ನು ನಾವು ಅವರ ಪಾರಿತೋಷಕಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ.

1931ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಾರ್ಲರನ್ನು ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಕರೆದು, ಗೆರ್ಟಿಯವರಿಗೂ ಒಂದು ಸಂಶೋಧನ ಸಹಾಯಕಿಯ ಸ್ಥಾನವನ್ನು ಕೊಟ್ಟಿತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ಅಧ್ಯಾಪಕ ಹುದ್ದೆ ಕೊಡಬಾರದೆಂಬ ನಿಯಮ ಅಂದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿತ್ತು. ಗೆರ್ಟಿಯವರ ಸಂಬಳ ಗಂಡನ ಸಂಬಳದ ಒಂದು ಸಣ್ಣ ಪಾಲಷ್ಟೇ. ಯೋಗ್ಯತೆಯಲ್ಲಿ ಸಮಾನರಾದ ಇಬ್ಬರಲ್ಲಿ ಒಬ್ಬರು ಮುಖ್ಯಸ್ಥರು, ಮತ್ತೊಬ್ಬರು ಸಹಾಯಕರು. ಈ ಸ್ಥಿತಿ ಹನ್ನೆರಡು ವರ್ಷ ನಡೆಯಿತು. ಆದರೆ ಗೆರ್ಟಿಯವರಿಗೆ ಬೇಕಾಗಿದ್ದುದು ಪ್ರಯೋಗದ ಮೇಜು, ಮತ್ತು ಅದರ ಎದುರು ಬದಿಯಲ್ಲಿ ಕಾರ್ಲರು. ಅದು ದೊರೆತಿತ್ತು.

ಇಲ್ಲಿ ಅವರ ಕೆಲಸದ ದಾರಿ ತಿರುಗಿತು. ಇಡೀ ಪ್ರಾಣಿಯ ದೇಹದಲ್ಲಿ ಲೆಕ್ಕ ಹಾಕಿದ್ದಾಯಿತು. ಇನ್ನು ಕಣಜದ ಬಾಗಿಲನ್ನು ತೆರೆಯುವ ಕೀಲಿಕೈಯನ್ನು ಹುಡುಕಬೇಕು. ಕಪ್ಪೆಯ ಸ್ನಾಯುವನ್ನು ನುಣ್ಣಗೆ ಕೊಚ್ಚಿ, ನೀರಿನಲ್ಲಿ ತೊಳೆದು, ಫಾಸ್ಫೇಟಿನೊಡನೆ ಇಟ್ಟು ಪರೀಕ್ಷಿಸಿದಾಗ, 1936ರಲ್ಲಿ ಅಲ್ಲಿಯವರೆಗೆ ಯಾರೂ ಕಾಣದ ಒಂದು ವಸ್ತು ದೊರೆಯಿತು. ಗ್ಲೂಕೋಸಿನ ಒಂದನೆಯ ಇಂಗಾಲಕ್ಕೆ ಫಾಸ್ಫೇಟು ಅಂಟಿಕೊಂಡ ಆ ಸಂಯುಕ್ತಕ್ಕೆ ಕೋರಿ ಎಸ್ಟರ್ ಎಂದು ಹೆಸರಾಯಿತು. ಇದರ ಅರ್ಥವೇನು? ಗ್ಲೈಕೋಜನ್ ಎಂಬುದು ಸಾವಿರಾರು ಗ್ಲೂಕೋಸ್ ಮಣಿಗಳ ಕವಲೊಡೆದ ಸರ. ದೇಹವು ಆ ಸರವನ್ನು ನೀರಿನಿಂದ ಕರಗಿಸುವುದಿಲ್ಲ. ಫಾಸ್ಫೇಟಿನಿಂದ ಒಂದೊಂದೇ ಮಣಿಯನ್ನು ಬಿಡಿಸಿಕೊಳ್ಳುತ್ತದೆ. ಹಾಗೆ ಬಿಡಿಸುವ ಕಿಣ್ವವನ್ನೂ ದಂಪತಿಗಳು ಕಂಡುಹಿಡಿದು ಅದಕ್ಕೆ ಫಾಸ್ಫೊರಿಲೇಸ್ ಎಂದು ಹೆಸರಿಟ್ಟರು. ಅದೇ 1936ರ ಆಗಸ್ಟ್ ತಿಂಗಳಲ್ಲಿ ಅವರ ಏಕಮಾತ್ರ ಪುತ್ರ ಟಾಮ್ ಜನಿಸಿದನು. ಗೆರ್ಟಿಯವರಿಗೆ ಆಗ ನಲವತ್ತು ವರ್ಷ. ಸೇಂಟ್ ಲೂಯಿಸಿನ ಉರಿಬೇಸಿಗೆಯಲ್ಲಿ, ಆಸ್ಪತ್ರೆಗೆ ಹೋಗುವ ಗಳಿಗೆಯವರೆಗೂ ಅವರು ಪ್ರಯೋಗಶಾಲೆಯಲ್ಲಿಯೇ ಇದ್ದರು.

ಈ ಕಿಣ್ವದ ಕ್ರಿಯೆಯನ್ನು ಹಿಂದುಮುಂದಾಗಿ ನಡೆಸಿ, 1939ರಲ್ಲಿ ದಂಪತಿಗಳು ಪ್ರನಾಳದಲ್ಲಿಯೇ ಗ್ಲೈಕೋಜನ್ ಮಾದರಿಯ ದೊಡ್ಡ ಅಣುವನ್ನು ಕಟ್ಟಿ ತೋರಿಸಿದಾಗ ವಿಜ್ಞಾನ ಲೋಕ ಬೆಕ್ಕಸಬೆರಗಾಯಿತು. ಜೀವಕೋಶದ ಹೊರಗೆ ಅಂಥ ಬೃಹದಣುವನ್ನು ಕಿಣ್ವದಿಂದ ಕಟ್ಟಬಹುದೆಂದು ಬಹಳ ಮಂದಿ ನಂಬಿರಲೇ ಇಲ್ಲ. 1943ರಲ್ಲಿ ಆರ್ಡಾ ಗ್ರೀನ್ ಎಂಬ ವಿಜ್ಞಾನಿ ಮಹಿಳೆಯ ಸಹಯೋಗದಿಂದ ಫಾಸ್ಫೊರಿಲೇಸನ್ನು ಸ್ಫಟಿಕ ರೂಪದಲ್ಲಿ ಪಡೆದರು. ಇಲ್ಲಿ ಸತ್ಯಕ್ಕೆ ಚ್ಯುತಿ ಬಾರದಂತೆ ಒಂದು ಮಾತನ್ನು ಸೇರಿಸಬೇಕು. ಜೀವಂತ ದೇಹದಲ್ಲಿ ಫಾಸ್ಫೊರಿಲೇಸ್ ಗ್ಲೈಕೋಜನನ್ನು ಒಡೆಯುವ ಕೆಲಸವನ್ನು ಮಾತ್ರ ಮಾಡುತ್ತದೆ. ಕಟ್ಟುವುದಕ್ಕೆ ಬೇರೆಯೇ ದಾರಿಯಿದೆ. ಆ ದಾರಿಯನ್ನು 1957ರಲ್ಲಿ ತೋರಿಸಿಕೊಟ್ಟವರು ಅರ್ಜೆಂಟೀನಾದ ಲೂಯಿಸ್ ಲೆಲುವಾರ್, ಒಂದು ಕಾಲಕ್ಕೆ ಕೋರಿಯವರ ಪ್ರಯೋಗಶಾಲೆಯಲ್ಲಿಯೇ ದುಡಿದವರು.

ಆ ಪ್ರಯೋಗಶಾಲೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಸ್ತ್ರೀಯರೆಂದೋ ಯೆಹೂದ್ಯರೆಂದೋ ಬೇರೆಡೆ ಬಾಗಿಲು ಮುಚ್ಚಿಸಿಕೊಂಡವರಿಗೆ ಅಲ್ಲಿ ಸ್ಥಾನವಿತ್ತು. ಪ್ರಯೋಗಗಳ ದಿನನಿತ್ಯದ ಉಸ್ತುವಾರಿ ಗೆರ್ಟಿಯವರದು. ಗಾಜಿನ ಪಾತ್ರೆಯಲ್ಲಿ ಒಂದು ಕಲೆಯಿರಕೂಡದು, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿರಕೂಡದು. ಅಜಾಗರೂಕರನ್ನು ಅವರು ಸಹಿಸುತ್ತಿರಲಿಲ್ಲ. ಅವರ ಮಾತಿನ ಬಿಸಿ ತಟ್ಟದ ಶಿಷ್ಯರು ಕಡಿಮೆ. ಸಿಗರೇಟು ಸೇದುವ ಚಟವೂ ಇತ್ತು. ಅಂತೆಯೇ ಹೊಸದೇನಾದರೂ ಹೊಳೆದರೆ ಮಕ್ಕಳಂತೆ ಓಡುತ್ತ ಹೋಗಿ ಕಾರ್ಲರಿಗೆ ತಿಳಿಸುವ ಸಂಭ್ರಮವೂ ಇತ್ತು. ಒಬ್ಬರು ಆರಂಭಿಸಿದ ವಾಕ್ಯವನ್ನು ಮತ್ತೊಬ್ಬರು ಮುಗಿಸುತ್ತಿದ್ದರೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. ವಾರವಾರವೂ ಗ್ರಂಥಾಲಯದಿಂದ ಇತಿಹಾಸ, ಜೀವನಚರಿತ್ರೆ, ಕಾದಂಬರಿಗಳನ್ನು ತರಿಸಿ ಓದುವುದು ಗೆರ್ಟಿಯವರ ರೂಢಿ. ಮನೆಯಲ್ಲಿ ತೋಟದ ಕೆಲಸ ಇಬ್ಬರಿಗೂ ಪ್ರಿಯ.

1943ರಲ್ಲಿ ಗೆರ್ಟಿಯವರಿಗೆ ಸಹ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಪೂರ್ಣ ಪ್ರಾಧ್ಯಾಪಕರಾದದ್ದು 1947ರಲ್ಲಿ, ಐವತ್ತೊಂದರ ಹೊಸ್ತಿಲಲ್ಲಿ. ಅದಾಗಿ ಕೆಲವೇ ತಿಂಗಳಲ್ಲಿ, ಅದೇ ವರ್ಷದ ಅಕ್ಟೋಬರಿನಲ್ಲಿ, ನೊಬೆಲ್ ಪಾರಿತೋಷಕದ ವಾರ್ತೆ ಬಂದಿತು. ಅರ್ಧಭಾಗ ಕೋರಿ ದಂಪತಿಗಳಿಗೆ; ಉಳಿದರ್ಧ, ಸಕ್ಕರೆಯ ನಿಯಂತ್ರಣದಲ್ಲಿ ಪಿಟ್ಯುಟರಿ ಗ್ರಂಥಿಯ ಪಾತ್ರವನ್ನು ತೋರಿಸಿದ ಅರ್ಜೆಂಟೀನಾದ ಬರ್ನಾರ್ಡೊ ಹೌಸೇ ಅವರಿಗೆ. ಮೇರಿ ಕ್ಯೂರಿ ಮತ್ತು ಅವರ ಮಗಳು ಐರೀನ್ ಅವರ ಅನಂತರ ವಿಜ್ಞಾನಕ್ಕಾಗಿ ನೊಬೆಲ್ ಪಡೆದ ಮೂರನೆಯ ಮಹಿಳೆ ಗೆರ್ಟಿಯವರೇ. ಅಮೆರಿಕದ ಮಹಿಳೆಯರಲ್ಲಿ ಮೊದಲಿಗರು. ಸ್ಟಾಕ್‌ಹೋಮಿನ ಸತ್ಕಾರಕೂಟದಲ್ಲಿ ಮಾತನಾಡುತ್ತ ಕಾರ್ಲರು, ತಮ್ಮಿಬ್ಬರ ಪ್ರಯತ್ನಗಳು ಒಂದಕ್ಕೊಂದು ಪೂರಕವಾಗಿದ್ದುವೆಂದೂ, ಒಬ್ಬರಿಲ್ಲದೆ ಮತ್ತೊಬ್ಬರು ಇಷ್ಟು ದೂರ ಸಾಗುತ್ತಿರಲಿಲ್ಲವೆಂದೂ ತುಂಬಿದ ಸಭೆಯಲ್ಲಿ ಹೇಳಿದರು.

ಆ ಸಂತೋಷದ ವರ್ಷವೇ ದುಃಖದ ವರ್ಷವೂ ಆಯಿತು. ಆ ಬೇಸಿಗೆಯಲ್ಲಿ ಕೊಲೊರಾಡೋ ಪ್ರಾಂತದ ರಾಕಿ ಪರ್ವತಗಳಲ್ಲಿ ದಂಪತಿಗಳು ಎಂದಿನಂತೆ ಬೆಟ್ಟ ಹತ್ತುತ್ತಿದ್ದಾಗ ಗೆರ್ಟಿಯವರು ಪ್ರಜ್ಞೆ ತಪ್ಪಿ ಬಿದ್ದರು. ಪರೀಕ್ಷೆಯ ಮೇಲೆ ತಿಳಿದದ್ದು ಅಸ್ಥಿಮಜ್ಜೆಯ ರೋಗ. ರಕ್ತವನ್ನು ಹುಟ್ಟಿಸುವ ಮಜ್ಜೆ ನಾರಾಗಿ ಮಾರ್ಪಟ್ಟು, ದೇಹದಲ್ಲಿ ಹೊಸ ರಕ್ತ ಹುಟ್ಟುವುದು ನಿಂತುಹೋಗುತ್ತ ಬರುವ ವ್ಯಾಧಿ. ಅಂದು ಅದಕ್ಕೆ ಮದ್ದಿರಲಿಲ್ಲ. ಮುಂದಿನ ಹತ್ತು ವರ್ಷ ಅವರು ಬದುಕಿದ್ದು ಪರರ ರಕ್ತದಿಂದ. ರಕ್ತ ಕೊಡಿಸಿಕೊಂಡ ಕೆಲವು ದಿನ ಚೈತನ್ಯ, ಮತ್ತೆ ಬಳಲಿಕೆ, ಮತ್ತೆ ರಕ್ತ. ಪ್ರಯೋಗಶಾಲೆಯ ಪಕ್ಕದಲ್ಲಿ ಒಂದು ಸಣ್ಣ ಮಂಚವನ್ನು ಹಾಕಿಸಿಕೊಂಡರು. ಆಯಾಸವಾದಾಗ ಮಲಗುವುದು, ಎದ್ದು ಮತ್ತೆ ಮೇಜಿಗೆ ಹೋಗುವುದು. ರೋಗದ ಕೊನೆಯ ದಿನಗಳಲ್ಲಿ ನಡೆಯಲಾಗದಿದ್ದಾಗ ಕಾರ್ಲರೇ ಅವರನ್ನು ಎತ್ತಿಕೊಂಡು ಓಡಾಡಿಸುತ್ತಿದ್ದರು. ತಮ್ಮ ರೋಗದ ಮಾತನ್ನು ಇತರರೊಡನೆ ಆಡುವುದು ಗೆರ್ಟಿಯವರಿಗೆ ಹಿಡಿಸುತ್ತಿರಲಿಲ್ಲ.

ಆಶ್ಚರ್ಯವೆಂದರೆ, ವೈದ್ಯರ ಕಣ್ಣಿನಲ್ಲಿ ಅವರ ಅತ್ಯಂತ ಹೃದಯಸ್ಪರ್ಶಿಯಾದ ಕೆಲಸ ನಡೆದದ್ದು ಈ ಹತ್ತು ವರ್ಷಗಳಲ್ಲಿಯೇ. ಹುಟ್ಟಿನಿಂದಲೇ ಯಕೃತ್ತು ಊದಿಕೊಂಡು, ಹೊಟ್ಟೆ ಮುಂದೆ ಬಂದು, ಸ್ವಲ್ಪ ಹಸಿದರೂ ರಕ್ತದ ಸಕ್ಕರೆ ಕುಸಿದು ಸೆಳೆವಿಗೆ ತುತ್ತಾಗುವ ಕೆಲವು ಮಕ್ಕಳಿದ್ದರು. ಅವರ ಯಕೃತ್ತಿನ ತುಂಬ ಗ್ಲೈಕೋಜನ್. ಕಣಜ ತುಂಬಿದ್ದರೂ ಮನೆಯಲ್ಲಿ ಉಪವಾಸ! ಕಾರಣ ಯಾರಿಗೂ ತಿಳಿದಿರಲಿಲ್ಲ. ಅಂಥ ಮಕ್ಕಳ ಯಕೃತ್ತಿನ ಚೂರುಗಳನ್ನು ಪರೀಕ್ಷಿಸಿ, ಗ್ಲೂಕೋಸಿಗೆ ಅಂಟಿದ ಫಾಸ್ಫೇಟನ್ನು ಕಳಚಿ ಸಕ್ಕರೆಯನ್ನು ರಕ್ತಕ್ಕೆ ಬಿಡುವ ಒಂದು ಕಿಣ್ವ ಅಲ್ಲಿ ಇಲ್ಲವೇ ಇಲ್ಲವೆಂದು 1952ರಲ್ಲಿ ಕೋರಿ ದಂಪತಿಗಳು ತೋರಿಸಿದರು. ತಂದೆತಾಯಿಗಳಿಂದ ಬರುವ ರೋಗವೊಂದಕ್ಕೆ ಒಂದೇ ಒಂದು ಕಿಣ್ವದ ಅಭಾವವೇ ಮೂಲವೆಂದು ರೋಗಗ್ರಸ್ತ ಅಂಗದಲ್ಲಿಯೇ ನೇರವಾಗಿ ತೋರಿಸಿಕೊಟ್ಟ ಮೊದಲ ನಿದರ್ಶನಗಳಲ್ಲಿ ಇದು ಒಂದು. ಗ್ಲೈಕೋಜನ್ ಸರದ ಕವಲುಗಳನ್ನು ಬಿಡಿಸುವ ಇನ್ನೊಂದು ಕಿಣ್ವವನ್ನು ಜೋಸೆಫ್ ಲಾರ್ನರ್ ಅವರೊಡನೆ ಗುರುತಿಸಿದ ಗೆರ್ಟಿಯವರು, ಆ ಕಿಣ್ವವಿಲ್ಲದಿದ್ದರೆ ಬರುವ ರೋಗವನ್ನೂ ಬೇರ್ಪಡಿಸಿ ತೋರಿಸಿದರು. ಅದನ್ನು ಇಂದಿಗೂ ಕೋರಿ ರೋಗವೆಂದು ಕರೆಯುತ್ತಾರೆ. ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ವೃತ್ತಿ ಆರಂಭಿಸಿದ ವೈದ್ಯೆ ಮೂವತ್ತು ವರ್ಷ ಇಲಿ ಕಪ್ಪೆಗಳ ನಡುವೆ ಕಳೆದು ಕೊನೆಗೆ ಮಕ್ಕಳ ಹಾಸಿಗೆಯ ಬಳಿಗೇ ಬಂದರು. ಹೀಗೆ ಕಾರಣ ತಿಳಿದ ಮೇಲೆಯೇ, ಅಂಥ ಮಕ್ಕಳಿಗೆ ಹೊತ್ತುಹೊತ್ತಿಗೆ ಪಿಷ್ಟದ ಆಹಾರ ಕೊಟ್ಟು ಬೆಳೆಸುವ ಕ್ರಮ ಮುಂದಿನ ದಶಕಗಳಲ್ಲಿ ರೂಢಿಗೆ ಬಂದಿತು.

ಗೌರವಗಳು ಬಂದವು. 1948ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಅಧ್ಯಕ್ಷ ಟ್ರೂಮನ್ನರಿಂದ ರಾಷ್ಟ್ರೀಯ ವಿಜ್ಞಾನ ಮಂಡಳಿಗೆ ನೇಮಕ, ಹಲವು ವಿಶ್ವವಿದ್ಯಾಲಯಗಳ ಗೌರವ ಪದವಿಗಳು. 1957ರ ಅಕ್ಟೋಬರ್ 26ರಂದು, ಸೇಂಟ್ ಲೂಯಿಸ್ ಸಮೀಪದ ಗ್ಲೆಂಡೇಲಿನ ತಮ್ಮ ಮನೆಯಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ ಗೆರ್ಟಿಯವರು ಕಣ್ಣು ಮುಚ್ಚಿದರು.

ಅವರ ಪ್ರಯೋಗಶಾಲೆಯಲ್ಲಿ ಕಲಿತು ದುಡಿದ ಆರು ಮಂದಿ ಮುಂದೆ ತಾವೂ ನೊಬೆಲ್ ಪುರಸ್ಕೃತರಾದರು: 1959ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಸೆವೆರೊ ಒಚೋವ, 1970ರಲ್ಲಿ ಲೆಲುವಾರ್, 1971ರಲ್ಲಿ ಅರ್ಲ್ ಸದರ್‌ಲ್ಯಾಂಡ್, 1974ರಲ್ಲಿ ಕ್ರಿಶ್ಚಿಯನ್ ಡಿ ಡೂವ್, 1992ರಲ್ಲಿ ಎಡ್ವಿನ್ ಕ್ರೆಬ್ಸ್. ಇವರಲ್ಲಿ ಒಬ್ಬರ ಸನ್ಮಾನವನ್ನೂ ನೋಡಲು ಗೆರ್ಟಿಯವರು ಉಳಿದಿರಲಿಲ್ಲ. ಕಾರ್ಲರು 1960ರಲ್ಲಿ ಮರುಮದುವೆಯಾದರು. 1966ರಲ್ಲಿ ಬೋಸ್ಟನ್ ನಗರಕ್ಕೆ ಹೋಗಿ ಅಲ್ಲಿಯೂ ಸಂಶೋಧನೆಯನ್ನು ಮುಂದುವರಿಸಿ, 1984ರಲ್ಲಿ ನಿಧನರಾದರು.

ಚಂದ್ರನ ಮೇಲಿನ ಒಂದು ಕುಳಿಗೆ ಗೆರ್ಟಿಯವರ ಹೆಸರಿದೆ. 2008ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು; ಚಿತ್ರದ ಪಕ್ಕದಲ್ಲಿ ಕೋರಿ ಎಸ್ಟರಿನ ರಚನೆಯನ್ನೂ ಮುದ್ರಿಸಿತು. ಆದರೆ 1936ರಲ್ಲಿ ದಂಪತಿಗಳು ಅಷ್ಟು ಕಷ್ಟಪಟ್ಟು ಗುರುತಿಸಿದ ಆ ಅಣುವಿನ ಒಂದು ಬಂಧವನ್ನು ಚೀಟಿಯ ಮೇಲೆ ತಪ್ಪಾಗಿ ಎಳೆದಿದ್ದರು. ಒಂದು ಪಾತ್ರೆಯ ಮೇಲಿನ ಕಲೆಯನ್ನೂ ಸಹಿಸದ ಗೆರ್ಟಿಯವರು ಅದನ್ನು ನೋಡಿದ್ದರೆ ಅಂಚೆ ಇಲಾಖೆಯವರ ಗತಿ ಏನಾಗುತ್ತಿತ್ತೆಂಬುದನ್ನು ಅವರ ಶಿಷ್ಯರು ಚೆನ್ನಾಗಿ ಊಹಿಸಬಲ್ಲವರಾಗಿದ್ದರು.